ಮದ್ರಾಸಿನ ಬೂಷ್ಟಿಗೆ ನಮಗೆ ಅರ್ಥವಾಗೋ ಹೆಸರು

ಮಲೆನಾಡಿನ ಕಡೆಯವರಿಗೆ ಮುಂಗಾರು ಅಂದ್ರೆ ಅಣಬೆ. ಚೆನ್ನೈಗೆ ಬಂದ ಮೇಲೆ ಆ ಲೆಕ್ಕ ತಪ್ಪುತ್ತೆ, ಇಲ್ಲಿ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆದ್ರೆ ಕೊಡೆ ಬಿಚ್ಚಿ ನಿಲ್ಲೋ ಅಣಬೆ ಶಿಲೀಂಧ್ರಗಳಲ್ಲಿ ಒಂದು ಪಾಲು ಮಾತ್ರ. ಬಿದ್ದ ಕಡ್ಡಿ, ಕೊಳೆತ ಎಲೆ, ಭತ್ತದ ಕೂಳೆ ಮೇಲೆ ಬೂಷ್ಟಿನ ಹಾಗೆ ಹರಡಿರೋವು ಲೆಕ್ಕವಿಲ್ಲದಷ್ಟು. ಇವನ್ನ ಪಟ್ಟಿ ಮಾಡಿದ ಕೆಲಸಕ್ಕೆ ಮದ್ರಾಸ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ವಿಭಾಗ ಹೆಸರುವಾಸಿ.

ಅಲ್ಲಿ ಟಿ. ಎಸ್. ಸದಾಶಿವನ್ ಅವರ ಕೈಕೆಳಗೆ ಪಳಗಿದವರು ಸಿ. ವಿ. ಸುಬ್ರಮಣಿಯನ್ (1924-2016). ಈ ಕೆಲಸಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ಬಿದ್ದ ಕಡ್ಡಿ ಆರಿಸಿ ತಂದು, ಒದ್ದೆ ಕಾಗದದ ಮೇಲಿಟ್ಟು ಗಾಜಿನ ತಟ್ಟೆ ಮುಚ್ಚಿ ಕೆಲವು ದಿನ ಕಾಯಬೇಕು, ಆಮೇಲೆ ಸೂಕ್ಷ್ಮದರ್ಶಕ. ಬೇಕಾಗೋದು ತಾಳ್ಮೆ. 1971ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಪ್ರಕಟಿಸಿದ ಅವರ 'ಹೈಫೋಮೈಸೀಟ್ಸ್' ಪುಸ್ತಕ 900 ಪುಟ ದಾಟುತ್ತೆ.

ನನಗೆ ಇಷ್ಟವಾಗೋದು ಅವರು ಇಟ್ಟ ಹೆಸರುಗಳು. ಲ್ಯಾಟಿನ್, ಗ್ರೀಕ್‌ಗೇ ಅಂಟಿಕೊಳ್ಳದೆ ವಕ್ರಬೀಜ, ದ್ವಯಬೀಜ, ಕುಟಿಲಕೇಶ ಅಂತ ಇಟ್ಟರು. ಕನ್ನಡ ಬಲ್ಲವರಿಗೆ ನಿಘಂಟು ಬೇಕೇ? ವಕ್ರಬೀಜದ ಬೀಜಕಣ ನಿಜಕ್ಕೂ ಸೊಟ್ಟ.

ಆದ್ರೆ ಹೆಸರಿಡೋದಕ್ಕೆ ಅಂತರರಾಷ್ಟ್ರೀಯ ನಿಯಮ ಇದೆ: ಸಾಮಾನ್ಯವಾಗಿ ಮೊದಲು ಬಂದ ಹೆಸರೇ ಗೆಲ್ಲುತ್ತೆ. 1956ರ ವಕ್ರಬೀಜ, ಭತ್ತದ ಕಾಂಡ ಕೊಳೆಸೋ ಶಿಲೀಂಧ್ರ. ಜಪಾನಿನ ಹಾರಾ ಅದನ್ನೇ 1939ರಲ್ಲಿ ನಕಟೇಯ ಅಂದಿದ್ದರು. ನಮ್ಮ ಭಾಷೇಲಿ ಹೇಳೋದಾದ್ರೆ, ಡೂಪ್ಲಿಕೇಟ್ ಅಂತ ಟಿಕೆಟ್ ಕ್ಲೋಸ್ ಆಯ್ತು. ಹೆಸರು ಹೋಯ್ತು ಅಂತ ಬೇಜಾರಾಗುತ್ತೆ, ನಿಯಮ ಮಾತ್ರ ಸರಿಯೇ.

ಅದೇ 1956ರ ಇನ್ನೊಂದು ಹೆಸರು ನಲಾಂತಮಾಲ. ಮೊದಲ ಪ್ರಭೇದದ ಹೆಸರು ಮದ್ರೀಯ, ಕೇಳಿದ ಕೂಡಲೇ ಮದ್ರಾಸೇ ನೆನಪಾಗುತ್ತೆ. ಸುಮಾರು ಐವತ್ತು ವರ್ಷ ಅದನ್ನ ಕೇಳಿದವರು ಕಡಿಮೆ. ಈ ಕಡೆ ಸೀಬೆ ಮರಗಳನ್ನ (ಉತ್ತರ ಕರ್ನಾಟಕದವರಿಗೆ ಪೇರಲ) ಒಣಗಿಸಿ ಕೊಲ್ಲೋ ಶಿಲೀಂಧ್ರವೊಂದು ತೈವಾನಿನ ತೋಟಗಳಲ್ಲಿತ್ತು, ಅದನ್ನ ಮಿಕ್ಸೋಸ್ಪೋರಿಯಂ ಅಂತ ಕರೀತಿದ್ರು. ತಾಳೆ ಜಾತಿಯ ಮರಗಳ ರೋಗಕಾರಿಯೊಂದು ಪೆನಿಸಿಲಿಯಂ ಗುಂಪಲ್ಲಿ ಕೂತಿತ್ತು. 2005ರಲ್ಲಿ ಡಿಎನ್‌ಎ ನೋಡಿದಾಗ ಎರಡೂ ಆ ಗುಂಪಿನವಲ್ಲ, ಪರಸ್ಪರ ನೆಂಟರು ಅಂತ ಗೊತ್ತಾಯ್ತು. ಅವಕ್ಕೆ ಹೊಸ ಮನೆ ಕಟ್ಟಬೇಕಾಗಲಿಲ್ಲ, ಸುಬ್ರಮಣಿಯನ್ ಕಟ್ಟಿಟ್ಟದ್ದು ಖಾಲಿ ಇತ್ತು. ಸೀಬೆ ರೋಗಕಾರಿಯ ಹೆಸರು ಈಗ ನಲಾಂತಮಾಲ ಸಿಡಿಯೈ.