ಕುದುರೆಗಳ ವಂಶಾವಳಿಯೂ ನಮ್ಮ ದಾಖಲಾತಿ ಪುಸ್ತಕವೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಹೈದರಾಲಿಯ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಒಂದು ಪ್ರಶ್ನೆ ಹಾಕುತ್ತಿದ್ದೆ: "ಅಷ್ಟೊಂದು ಕುದುರೆಗಳು ಏನು ತಿಂದು ಬದುಕುತ್ತಿದ್ದವು?" ಪುಸ್ತಕದಲ್ಲಿ ಉತ್ತರವಿರುತ್ತಿರಲಿಲ್ಲ. ಆದರೆ ಬೇಸಾಯಗಾರರ ಮನೆಯ ಮಗು ಒಂದಾದರೂ "ಹುರುಳಿ ಸಾರ್" ಎನ್ನುತ್ತಿತ್ತು. ಮಳೆ ಕಡಿಮೆಯಾದರೂ ಕೈಬಿಡದ ಈ ಕಾಳು ನಮ್ಮ ಸೀಮೆಯಲ್ಲಿ ಮನುಷ್ಯನಿಗೆ ಸಾರು, ಕುದುರೆಗೆ ಮೇವು. ಕುದುರೆಯ ಇತಿಹಾಸ ಅರಮನೆಯಲ್ಲಿ ಅರ್ಧ, ಹೊಲದಲ್ಲಿ ಅರ್ಧ ಇದೆ ಎಂಬುದನ್ನು ನಾನು ಈ ಉತ್ತರದಿಂದ ವಿವರಿಸುತ್ತಿದ್ದೆ.

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಿಂದಿನ ಕಾಲದ ಹೆಸರಾಂತ ಪಂದ್ಯದ ಕುದುರೆಗಳ ಬಗ್ಗೆ ಬರೆಯಲು ಹೊರಟಿದ್ದೇನೆ. ಶಾಲೆಗೂ ರೇಸಿಗೂ ಏನು ಸಂಬಂಧ ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕು.

1769ರ ಏಪ್ರಿಲ್‌ನಲ್ಲಿ ಹೈದರಾಲಿ ತನ್ನ ಅಶ್ವದಳದೊಂದಿಗೆ ಮದರಾಸಿನ ಬಾಗಿಲಿಗೇ ಹೋಗಿ ನಿಂತು ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಂಡನು. ಬೂದಿಕೋಟೆಯಲ್ಲಿ ಹುಟ್ಟಿ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಮಾಡಿದ್ದ ನಮ್ಮ ಸೀಮೆಯ ಮನುಷ್ಯ ಅವನು. ಅದರ ಮರು ತಿಂಗಳೇ, ಮೇ 1769ರಲ್ಲಿ, ಇಂಗ್ಲೆಂಡಿನ ಎಪ್ಸಮ್ ಮೈದಾನದಲ್ಲಿ ಎಕ್ಲಿಪ್ಸ್ ಎಂಬ ಕುದುರೆ ತನ್ನ ಮೊದಲ ಪಂದ್ಯ ಓಡಿತು. 1764ರ ಸೂರ್ಯಗ್ರಹಣದ ದಿನ ಹುಟ್ಟಿದ್ದರಿಂದ ಅದಕ್ಕೆ ಆ ಹೆಸರು. ಹದಿನೆಂಟು ಪಂದ್ಯ ಓಡಿ ಒಂದರಲ್ಲೂ ಸೋಲಲಿಲ್ಲ. ಜಗತ್ತಿನ ಥರೋಬ್ರೆಡ್ ಕುದುರೆಗಳೆಲ್ಲವೂ ಗಂಡು ಸಂತತಿಯ ಕಡೆಯಿಂದ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಬಂದ ಮೂರು ಬೀಜದ ಕುದುರೆಗಳಿಗೆ ಸೇರುತ್ತವೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಇಂದಿನ ಬಹುಪಾಲು ಕುದುರೆಗಳು ಡಾರ್ಲಿಯ ವಂಶದಲ್ಲಿ, ಎಕ್ಲಿಪ್ಸ್ ಮೂಲಕವೇ ಇಳಿದು ಬಂದವು. ಅದರ ಅಸ್ಥಿಪಂಜರವನ್ನು ಇಂಗ್ಲೆಂಡಿನ ಪಶುವೈದ್ಯಕೀಯ ಕಾಲೇಜು ಇಂದಿಗೂ ಕಾಪಾಡಿಕೊಂಡಿದೆ.

ಮುಂದೆ 1791. ಆ ವರ್ಷ ಲಂಡನ್ನಿನಲ್ಲಿ ಜೇಮ್ಸ್ ವೆದರ್ಬಿ ಎಂಬಾತ ಥರೋಬ್ರೆಡ್ ಕುದುರೆಗಳ ವಂಶಾವಳಿಯ ಮೊದಲ ಪುಸ್ತಕ ಹೊರತಂದನು. ಯಾವ ತಾಯಿಗೆ ಯಾವ ತಂದೆಯಿಂದ ಯಾವ ವರ್ಷ ಮರಿ ಹುಟ್ಟಿತು ಎಂಬ ಲೆಕ್ಕ ಅದು. ಅದೇ ವರ್ಷ ಕಾರ್ನ್‌ವಾಲಿಸನ ಸೈನ್ಯ ನಮ್ಮ ನೆಲದಲ್ಲಿತ್ತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಮೇವು, ಧಾನ್ಯ ಸಿಕ್ಕದೆ ಎತ್ತು ಕುದುರೆಗಳು ಗುಂಪುಗುಂಪಾಗಿ ಸತ್ತವು. ದೊಡ್ಡ ತೋಪುಗಳನ್ನು ಎಳೆಯುವವರಿಲ್ಲದೆ ತಾವೇ ಒಡೆದುಹಾಕಿ ಹಿಂತಿರುಗಬೇಕಾಯಿತು. ಅಕ್ಟೋಬರ್ 19ರಂದು ನಂದಿದುರ್ಗ ಇಂಗ್ಲಿಷರ ವಶವಾಯಿತು. ಹೀಗೆ ಒಂದೇ ವರ್ಷದಲ್ಲಿ ಅಲ್ಲಿ ಕುದುರೆಯ ಅಜ್ಜಿ ಮುತ್ತಜ್ಜಿಯ ಹೆಸರು ಅಚ್ಚಾಗುತ್ತಿತ್ತು, ಇಲ್ಲಿ ಸತ್ತ ಕುದುರೆಗೂ, ಅದಕ್ಕೆ ಹುಲ್ಲು ಕೊಯ್ದು ಹಾಕುತ್ತಿದ್ದವನಿಗೂ ಹೆಸರಿರಲಿಲ್ಲ.

ನಮ್ಮಲ್ಲಿ ಕುದುರೆ ಸಾಕುವ ವಿದ್ಯೆ ಇರಲಿಲ್ಲವೆಂದಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿಯುತ್ತಿದ್ದವು. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲಕ್ಕೆ ಹೋಗುತ್ತದೆ. ದಂಡಿಗಾಗಿ ಕುದುರೆ ಬೆಳೆಸುತ್ತಿದ್ದ ಆ ಜಾಗದಲ್ಲೇ ಮುಂದೆ ಪಂದ್ಯದ ಕುದುರೆಗಳು ಬೆಳೆದವು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಮೈಸೂರಿನ ರೇಸ್ ಕ್ಲಬ್ 1891ರದು, ಬೆಂಗಳೂರಿನದು 1921ರದು. 1943ರಲ್ಲಿ ಬೊಂಬಾಯಿಯಲ್ಲಿ ಇಂಡಿಯನ್ ಡರ್ಬಿ ಆರಂಭವಾದಾಗ ಮೊದಲು ಗೆದ್ದದ್ದು ಬರೋಡಾ ಮಹಾರಾಜರ 'ಪ್ರಿನ್ಸೆಸ್ ಬ್ಯೂಟಿಫುಲ್' ಎಂಬ ಹೆಣ್ಣು ಕುದುರೆ.

ಬೆಂಗಳೂರಿಗೆ ಹೆಮ್ಮೆ ತಂದ ಹೆಸರು 'ಸ್ಕ್ವಾಂಡರರ್'. ಬೆಂಗಳೂರಿನ ತರಬೇತುದಾರ ರಶೀದ್ ಬೈರಾಮ್‌ಜಿ ಅವರ ಲಾಯದ ಈ ಕುದುರೆ 1976-77ರಲ್ಲಿ ಟು ಥೌಸಂಡ್ ಗಿನೀಸ್, ಡರ್ಬಿ, ಸೇಂಟ್ ಲೆಜರ್ ಮೂರನ್ನೂ ಗೆದ್ದಿತು. ಒಟ್ಟು 19 ಓಟಗಳಲ್ಲಿ 18 ಗೆಲುವು. ಆ ಹೆಸರಿಗೆ 'ದುಂದುಗಾರ' ಎಂದರ್ಥ. ಓಟದಲ್ಲಿ ದುಂದು ಮಾಡದ ಆ ಕುದುರೆಯ ಹೆಸರು ಹೊಂದುತ್ತಿದ್ದುದು ಗ್ಯಾಲರಿಯಲ್ಲಿ ಕೂತವರಿಗೆ. ರೇಷ್ಮೆಗೂಡು ಮಾರಿದ ದುಡ್ಡನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರು ಬಸ್ಸು ಹತ್ತಿ, ಸಂಜೆ ಬಸ್ ಚಾರ್ಜಿಗೂ ಸಾಲ ಮಾಡಿ ಬಂದವರನ್ನು ನಾನು ಬಲ್ಲೆ. ಅವರ ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದರು. ಪರೀಕ್ಷೆ ಫೀಸಿನ ಕೊನೆಯ ದಿನ ಯಾವ ಮಗು ತಲೆ ತಗ್ಗಿಸುತ್ತದೆ ಎಂಬುದು ಮೇಷ್ಟರಿಗೆ ಗೊತ್ತಾಗಿಬಿಡುತ್ತದೆ. ಕುದುರೆಯ ಓಟ ಚೆಂದ, ಜೂಜು ಚೆಂದವಲ್ಲ. ಇದನ್ನು ಶಾಲೆಯ ಪುಸ್ತಕದಲ್ಲಿ ಬರೆಯದೆ ಬಿಟ್ಟರೆ ಇತಿಹಾಸ ಅರೆಯಾಗುತ್ತದೆ.

ಹಾಗಾದರೆ ಈ ಕುದುರೆಗಳಿಂದ ಕಲಿಯಬೇಕಾದ್ದು ಏನು? ನನ್ನ ಮಟ್ಟಿಗೆ, ಬರೆದಿಡುವುದನ್ನು. ವೆದರ್ಬಿಯ ಪುಸ್ತಕದ ವಿಶೇಷವೆಂದರೆ ಅದನ್ನು ತಾಯಿ ಕುದುರೆಗಳ ಹೆಸರಿನ ಕೆಳಗೆ ಜೋಡಿಸಿರುವುದು. ನಾನು ಕೆಲಸ ಮಾಡಿದ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳನ್ನು ತಿರುವಿದ್ದೇನೆ. ಅವುಗಳಲ್ಲಿ ವಿದ್ಯಾರ್ಥಿಯ ಹೆಸರಿದೆ, ತಂದೆ ಅಥವಾ ಪೋಷಕರ ಹೆಸರಿದೆ, ಜಾತಿ ಇದೆ, ಊರಿದೆ. ತಾಯಿಯ ಹೆಸರಿಲ್ಲ. ಸೊಪ್ಪು ಹೊತ್ತು, ಗೂಡು ಬಿಡಿಸಿ, ಕಡಲೆಕಾಯಿ ಕಿತ್ತು ಮಕ್ಕಳನ್ನು ಓದಿಸಿದ ತಾಯಂದಿರ ವಿಷಯದಲ್ಲಿ ನಾವು ಒಂದು ಕುದುರೆಗೆ ತೋರಿದಷ್ಟು ಕಾಳಜಿಯನ್ನೂ ಬಹುಕಾಲ ತೋರಲಿಲ್ಲ. ಹತ್ತನೆಯ ತರಗತಿ ದಾಟದೆ ಮಧ್ಯದಲ್ಲೇ ಶಾಲೆ ಬಿಟ್ಟವರ ಹೆಸರಿನ ಮುಂದೆ ಒಂದು ದಿನಾಂಕ ಮಾತ್ರ ಇದೆ, ಕಾರಣವಿಲ್ಲ.

ಐವತ್ತು ವರ್ಷದ ಹಬ್ಬದಲ್ಲಿ ರ್‍ಯಾಂಕು ಬಂದವರನ್ನು ವೇದಿಕೆಗೆ ಕರೆಯುವುದು ಸರಿಯೇ, ಗೆದ್ದ ಕುದುರೆಗೆ ಹಾರ ಹಾಕುವುದು ರೂಢಿ. ಈಗ ಓದುತ್ತಿರುವ ಮಕ್ಕಳಿಗೆ ನನ್ನದೊಂದು ಕೋರಿಕೆ. ರಜೆಯಲ್ಲಿ ನಿಮ್ಮ ಊರಿನಲ್ಲಿ ಈ ಶಾಲೆಗೆ ಬಂದು ಅರ್ಧಕ್ಕೆ ಬಿಟ್ಟವರನ್ನು ಹುಡುಕಿ. ಯಾಕೆ ಬಿಟ್ಟಿರಿ ಎಂದು ಮರ್ಯಾದೆಯಿಂದ ಕೇಳಿ. ಅವರು ಒಪ್ಪಿದರೆ ಅವರ ಹೆಸರು, ಅವರ ತಾಯಿಯ ಹೆಸರು, ಆ ಕಾರಣ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ನೂರನೆಯ ವರ್ಷದ ಸಂಚಿಕೆ ಮಾಡುವವರಿಗೆ ಅದು ಬೇಕಾಗುತ್ತದೆ.