ಶುದ್ಧ ಮಾಡಿದ ಮೇಲೆ ಕೈಕೊಟ್ಟ ಕಿಣ್ವ

ಇವತ್ತಿನ ಕಥೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ್ದು, 1960ರ ದಶಕದ ಕೊನೆಯದು. ರಿಚರ್ಡ್ ಬರ್ಜೆಸ್ ಅನ್ನೋ ಸಂಶೋಧನಾ ವಿದ್ಯಾರ್ಥಿ ಇ. ಕೋಲಿ ಬ್ಯಾಕ್ಟೀರಿಯಾದಿಂದ ಆರ್‌ಎನ್‌ಎ ಪಾಲಿಮರೇಸ್ ಅನ್ನೋ ಕಿಣ್ವವನ್ನು ಬೇರ್ಪಡಿಸ್ತಿದ್ದರು. ಡಿಎನ್‌ಎಯಲ್ಲಿರೋ ಮಾಹಿತಿಯನ್ನು ಆರ್‌ಎನ್‌ಎಗೆ ನಕಲು ಮಾಡೋದು ಇದರ ಕೆಲಸ. ಇನ್ನಷ್ಟು ಶುದ್ಧವಾಗಲಿ ಅಂತ ಫಾಸ್ಫೊಸೆಲ್ಯುಲೋಸ್ ತುಂಬಿದ ಕೊಳವೆಯಲ್ಲಿ ಸೋಸಿದರು. ಶುದ್ಧವೇನೋ ಆಯ್ತು. ಆದರೆ ಟಿ4 ವೈರಸ್ಸಿನ ಡಿಎನ್‌ಎ ಕೊಟ್ಟರೆ ಕಿಣ್ವ ಹೆಚ್ಚುಕಮ್ಮಿ ಸುಮ್ಮನೆ ಕೂತುಬಿಡ್ತು. ವಿಚಿತ್ರ ನೋಡಿ, ಕರುವಿನ ಡಿಎನ್‌ಎ ಕೊಟ್ಟರೆ ಚೆನ್ನಾಗೇ ನಡೀತಿತ್ತು!

ಕಾಮರ್ಸ್ ಓದಿದ ನನಗೆ ಇದು ತಾಳೆಯಾಗದ ಬ್ಯಾಲೆನ್ಸ್ ಶೀಟ್ ಥರ ಕಾಣುತ್ತೆ. ಎಲ್ಲೋ ಒಂದು ಎಂಟ್ರಿ ಬಿಟ್ಟುಹೋಗಿದೆ. ಆ ಎಂಟ್ರಿ ಸಿಕ್ಕಿದ್ದು ಕೊಳವೆಯಿಂದ ಬೇರೆಯಾಗಿ ಹೊರಬಂದ ದ್ರವದಲ್ಲಿ. ಅದನ್ನು ವಾಪಸ್ ಬೆರೆಸಿದರೆ ಟಿ4 ನಕಲು ಶುರು. ಅದಕ್ಕೆ ಸಿಗ್ಮಾ ಅಂತ ಹೆಸರಾಯ್ತು. 1969ರಲ್ಲಿ ಬರ್ಜೆಸ್, ಆಂಡ್ರ್ಯೂ ಟ್ರಾವರ್ಸ್, ಜಾನ್ ಡನ್ ಮತ್ತು ಎಕ್ಕೆಹಾರ್ಡ್ ಬೌಟ್ಸ್ ಒಟ್ಟಾಗಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕರುವಿನ ಡಿಎನ್‌ಎ ಎಳೆಗಳು ಅಲ್ಲಲ್ಲಿ ಕಡಿದಿದ್ದವು, ಕಿಣ್ವ ಅಲ್ಲಿಂದಲೇ ಶುರು ಹಚ್ಚಿಕೊಳ್ತಿತ್ತು. ಸರಿಯಾದ ಜಾಗದಿಂದ ಶುರು ಮಾಡೋಕೆ ಸಿಗ್ಮಾನೇ ಬೇಕು.

ಹಾಗಾದ್ರೆ ಸಿಗ್ಮಾ ತಾನೇ ಡಿಎನ್‌ಎ ಅಕ್ಷರಗಳನ್ನು ಓದುತ್ತಾ? ಗಟ್ಟಿ ಉತ್ತರ ಬರೋಕೆ ಸುಮಾರು 20 ವರ್ಷ ಬೇಕಾಯ್ತು, ಕೊಟ್ಟಿದ್ದು ಮ್ಯುಟೇಶನ್‌ಗಳು. ನಕಲು ಶುರುವಾಗೋ ಜಾಗದಿಂದ ಸುಮಾರು 10 ಅಕ್ಷರ ಹಿಂದೆ ‘ಟಿಎಟಿಎಎಟಿ’ ಅನ್ನೋ ಗುರುತು ಇರುತ್ತೆ. ಮೊದಲ ‘ಟಿ’ ಜಾಗದಲ್ಲಿ ‘ಸಿ’ ಬಂದರೆ ನಕಲು ಕುಸಿಯುತ್ತೆ. 1990ರಲ್ಲಿ ಸಸ್ಕಿಂಡ್ ಅವರ ತಂಡ ತೋರಿಸಿದ್ದು ಇಷ್ಟು: ಸಿಗ್ಮಾದ 437ನೇ ಅಮೈನೊ ಆಮ್ಲ ಗ್ಲುಟಮಿನ್ ಹೋಗಿ ಹಿಸ್ಟಿಡಿನ್ ಆದರೆ, ಅದೇ ಕೆಟ್ಟ ಗುರುತಿನಿಂದ ನಕಲು ಮತ್ತೆ ಏರುತ್ತೆ. ಬೀಗ ಸೊಟ್ಟಗಾಗಿದೆ, ಕೀಲಿಯನ್ನೂ ಅದಕ್ಕೆ ತಕ್ಕ ಹಾಗೆ ಉಜ್ಜಿದ್ದಾರೆ. ಕೀಲಿ ಬೀಗವನ್ನು ಮುಟ್ಟುತ್ತೆ ಅನ್ನೋದಕ್ಕೆ ಇದಕ್ಕಿಂತ ಚೆಂದದ ಪುರಾವೆ ನಾನಂತೂ ಓದಿಲ್ಲ.

ಇದು ಬರೀ ಪ್ರಯೋಗಾಲಯದ ಆಟ ಅನ್ಕೋಬೇಡಿ. ದನಗಳಿಗೆ ಕ್ಷಯ ತರೋ ಬ್ಯಾಕ್ಟೀರಿಯಾದ ಒಂದು ತಳಿ ರೋಗ ತರೋ ಶಕ್ತಿಯನ್ನೇ ಕಳ್ಕೊಂಡಿತ್ತು. 1995ರಲ್ಲಿ ಕಾರಣ ಸಿಕ್ತು: ಅದರ ಮುಖ್ಯ ಸಿಗ್ಮಾದಲ್ಲಿ 515ನೇ ಅರ್ಜಿನೈನ್ ಹಿಸ್ಟಿಡಿನ್ ಆಗಿತ್ತು. ಇಲ್ಲಿ ಕೆಟ್ಟಿದ್ದು ಡಿಎನ್‌ಎ ಓದೋದಲ್ಲ. ವಿಬ್‌ಬಿ3 ಅನ್ನೋ ಇನ್ನೊಂದು ಪ್ರೋಟೀನ್ ಜೊತೆಗಿನ ನಂಟು ತಪ್ಪಿತ್ತು ಅಂತ ಆಮೇಲೆ ಗೊತ್ತಾಯ್ತು. ಸರಿಯಿರೋ ಸಿಗ್ಮಾ ಜೀನನ್ನು ಸೇರಿಸಿದಾಗ ಅದೇ ತಳಿ ಗಿನಿಪಿಗ್‌ಗಳಲ್ಲಿ ಮತ್ತೆ ಕ್ಷಯ ತಂತು.