ಎರಡಕ್ಷರದಲ್ಲಿ ಒಂದು ಮೇಳ: ಗಡಿನಾಡಿನ ಊರುಗಳೂ ಕಟಪಯಾದಿಯ ಲೆಕ್ಕವೂ

ಕರ್ಣಾಟಕ ಸಂಗೀತದ 72 ಮೇಳಗಳಲ್ಲಿ 58ನೆಯದರ ಹೆಸರು ಹೇಮಾವತಿ. ಮಡಕಶಿರ ಸೀಮೆಯಲ್ಲಿ, ಒಂದು ಕಾಲಕ್ಕೆ ನೊಳಂಬ ಅರಸರ ರಾಜಧಾನಿಯಾಗಿದ್ದ ಊರಿನ ಹೆಸರೂ ಹೇಮಾವತಿ. 59ನೆಯ ಮೇಳ ಧರ್ಮವತಿ. ಅದೇ ಹಳೆಯ ಅನಂತಪುರ ಜಿಲ್ಲೆಯಲ್ಲಿ ರೇಷ್ಮೆ ಸೀರೆಗೆ ಹೆಸರಾದ ಪಟ್ಟಣ ಧರ್ಮಾವರ. ಅಕ್ಕಪಕ್ಕದ ಎರಡು ಮೇಳಗಳು ಒಂದೇ ಸೀಮೆಯ ಎರಡು ಊರುಗಳ ಹೆಸರಿನೊಳಗೆ ಕುಳಿತಿರುವುದು ನಮ್ಮ ಗಮನಕ್ಕೆ ಬಂದದ್ದು ಗ್ರಂಥಾಲಯದಲ್ಲಿ ಅಲ್ಲ, ಗೆಳೆಯರ ಅಕ್ಷರದಾಟದಲ್ಲಿ.

ಆಟದ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ. ಓಬಳಾಪುರ, ರಾಯದುರ್ಗ, ಮಡಕಶಿರಗಳ ಕಡೆಯಿಂದ ಹೊರಟು ಬೆಂಗಳೂರು, ಹೈದರಾಬಾದು, ಕಡಲಾಚೆಯ ಊರುಗಳಲ್ಲಿ ನೆಲೆಸಿದ ಕೆಲವರು ದೂರವಾಣಿಯ ಸಂದೇಶಗಳಲ್ಲಿ ದಿನವೂ ಸಂಜೆ ಸೇರುತ್ತೇವೆ. ಒಬ್ಬರು ಒಂದು ಅಕ್ಷರ ಕೊಡಬೇಕು. ಉಳಿದವರು ಸರದಿಯ ಪ್ರಕಾರ ಆ ಅಕ್ಷರದಿಂದ ಆರಂಭವಾಗುವ ರಾಗ, ವಾಗ್ಗೇಯಕಾರ, ಕೃತಿ ಅಥವಾ ವಾದ್ಯದ ಹೆಸರು ಹೇಳಬೇಕು. ಒಮ್ಮೆ ಬಂದ ಹೆಸರು ಮತ್ತೆ ಬರಕೂಡದು. ‘ಕ’ ಬಂದ ದಿನ ಹಬ್ಬ. ‘ಝ’ ಬಂದರೆ ಝಂಕಾರಧ್ವನಿ, ಝಾಲವರಾಳಿಗಳ ನಂತರ ಮೌನ. ‘ಎ’ ಬಂದಾಗ ಒಬ್ಬರು ಎರುಕಲಕಾಂಭೋಜಿಯನ್ನು ನೆನೆದರು. ಯದುಕುಲಕಾಂಭೋಜಿಗೆ ಹಳೆಯ ಗ್ರಂಥಗಳಲ್ಲಿರುವ ಹೆಸರು ಅದು. ‘ಓ’ ಬಂದಾಗ ಬಾಲಮುರಳೀಕೃಷ್ಣರು ಮೂರೇ ಸ್ವರಗಳಿಂದ ಕಟ್ಟಿದ ಓಂಕಾರಿ ಕೈಹಿಡಿಯಿತು. ಙ, ಞ, ಣ, ಳಗಳನ್ನು ಯಾರೂ ಕೊಡಬಾರದೆಂಬುದು ಮೊದಲ ವಾರದಲ್ಲಿಯೇ ಆದ ಒಪ್ಪಂದ.

ಇಂಥ ಆಟ ಹೊಸದಲ್ಲ. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ‘ಪ್ರತಿಮಾಲೆ’ ಎಂಬುದೊಂದಿದೆ. ನಾವಿಂದು ಅಂತ್ಯಾಕ್ಷರಿ ಎನ್ನುವುದು ಅದನ್ನೇ. ಪದ್ಯದ ಕೊನೆಯ ಅಕ್ಷರ ಹಿಡಿದು ಮುಂದಿನ ಪದ್ಯ ಹೇಳುವ ಆ ಸ್ಪರ್ಧೆ ಕಂಠಪಾಠದ ಯುಗದಲ್ಲಿ ನೆನಪಿಗೆ ಸಾಣೆ ಹಿಡಿಯುವ ಉಪಾಯವಾಗಿತ್ತು. ಆದರೆ ಸಂಗೀತಕ್ಕೂ ಅಕ್ಷರಕ್ಕೂ ಇರುವ ನಂಟು ಅಂತ್ಯಾಕ್ಷರಿಗಿಂತ ಆಳವಾದದ್ದು. ಅದು ಕಟಪಯಾದಿ ಸಂಖ್ಯೆಯ ನಂಟು.

ಶಾಸ್ತ್ರಗಳನ್ನೆಲ್ಲ ಪದ್ಯದಲ್ಲಿ ಬರೆಯುತ್ತಿದ್ದ ಕಾಲದಲ್ಲಿ ದೊಡ್ಡ ದೊಡ್ಡ ಸಂಖ್ಯೆಗಳನ್ನು ಛಂದಸ್ಸಿಗೆ ಹೊಂದಿಸುವುದು ಜ್ಯೋತಿಷಿಗಳಿಗೆ ಕಷ್ಟವಾಯಿತು. ಅಕ್ಷರಗಳನ್ನೇ ಅಂಕಿಗಳನ್ನಾಗಿ ಮಾಡಿಕೊಂಡರು. ಆರ್ಯಭಟನದು ಒಂದು ಬಗೆ. ಕೇರಳದ ಹರಿದತ್ತನು 683ರ ಸುಮಾರಿಗೆ ತನ್ನ ಗ್ರಹಚಾರನಿಬಂಧನದಲ್ಲಿ ಬಳಸಿದ ಕಟಪಯಾದಿ ಇನ್ನೊಂದು ಬಗೆ. ಎರಡನೆಯದು ಸುಲಭವಾದ್ದರಿಂದ ಉಳಿಯಿತು. ಕಕಾರದಿಂದ ಝಕಾರದವರೆಗೆ 1ರಿಂದ 9. ಟಕಾರದಿಂದ ಧಕಾರದವರೆಗೆ ಮತ್ತೆ 1ರಿಂದ 9. ಪಕಾರದಿಂದ ಮಕಾರದವರೆಗೆ 1ರಿಂದ 5. ಯಕಾರದಿಂದ ಹಕಾರದವರೆಗೆ 1ರಿಂದ 8. ಞ, ನ ಮತ್ತು ವ್ಯಂಜನವಿಲ್ಲದೆ ಬರುವ ಸ್ವರಗಳು ಸೊನ್ನೆ. ಕ, ಟ, ಪ, ಯ ಈ ನಾಲ್ಕೂ ಒಂದಾದ್ದರಿಂದ ಆ ಹೆಸರು. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ತಿರುಗಿಸಿ ಓದಬೇಕು, ಅಷ್ಟೆ.

ಸಂಗೀತಕ್ಕೆ ಈ ಲೆಕ್ಕ ಬಂದದ್ದು ಬಹಳ ತಡವಾಗಿ. ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ಸ್ವರಮೇಳಕಲಾನಿಧಿಯನ್ನು ಬರೆದಾಗ ಅವನ ಮುಂದಿದ್ದುದು 20 ಮೇಳಗಳು. 1565ರ ನಂತರ ಅರಸೊತ್ತಿಗೆ ನಮ್ಮ ಪೆನುಗೊಂಡೆಗೆ ಬಂತು. ವಿದ್ಯೆ ದಕ್ಷಿಣಕ್ಕೆ, ತಂಜಾವೂರಿನ ನಾಯಕರ ಬಳಿಗೆ, ಸರಿಯಿತು. ಅಲ್ಲಿ ಮಂತ್ರಿಯಾಗಿದ್ದ ಕನ್ನಡ ಮನೆತನದ ಗೋವಿಂದ ದೀಕ್ಷಿತನ ಮಗ ವೆಂಕಟಮಖಿ. 17ನೆಯ ಶತಮಾನದಲ್ಲಿ ಅವನು ಬರೆದ ಚತುರ್ದಂಡೀಪ್ರಕಾಶಿಕೆಯಲ್ಲಿ 72 ಮೇಳಗಳ ಪ್ರಸ್ತಾರ ಸಿದ್ಧವಾಯಿತು. ಆದರೆ ಅವನ ಕಾಲಕ್ಕೆ ಬಳಕೆಯಲ್ಲಿದ್ದವು 19 ಮೇಳಗಳು ಮಾತ್ರ. ಉಳಿದವು ಹೆಸರಿಲ್ಲದ ಖಾಲಿ ಮನೆಗಳು. ಆ ಮನೆಗಳಿಗೆ ಹೆಸರಿಟ್ಟವರು ನಂತರದವರು. ಒಂದು ಪರಂಪರೆಯ ಪಟ್ಟಿ ಕನಕಾಂಬರಿಯಿಂದಲೂ ಇನ್ನೊಂದರದು ಕನಕಾಂಗಿಯಿಂದಲೂ ಮೊದಲಾಗುತ್ತದೆ. ಹೆಸರಿನ ಮೊದಲ ಎರಡು ಅಕ್ಷರಗಳಲ್ಲಿಯೇ ಮೇಳದ ಸಂಖ್ಯೆ ಇರಬೇಕೆಂದು ಎರಡೂ ಕಡೆಯವರು ನಿಯಮ ಮಾಡಿಕೊಂಡರು.

ನಿಯಮಕ್ಕೆ ಹೊಂದದ ಹಳೆಯ ರಾಗಗಳಿಗೆ ಮುಂದೆ ಒಂದು ಪದವನ್ನು ಅಂಟಿಸಿದರು. ಶಂಕರಾಭರಣವು ಧೀರಶಂಕರಾಭರಣವಾಗಿ 29 ಆಯಿತು. ಕಲ್ಯಾಣಿಯು ಮೇಚಕಲ್ಯಾಣಿಯಾಗಿ 65 ಆಯಿತು. ತೋಡಿಗೆ ಹನುಮನನ್ನು ಜೊತೆಮಾಡಿ 8 ಮಾಡಿದರು. ಹಾಡುವವನಿಗೆ ಧೀರನೂ ಬೇಕಿಲ್ಲ, ಹನುಮನೂ ಬೇಕಿಲ್ಲ, ಬೇಕಾದದ್ದು ಲೆಕ್ಕದವನಿಗೆ.

ನಮ್ಮ ಬಳಗದಲ್ಲಿ ಸಾಮಾನ್ಯ ಸುತ್ತು ಮುಗಿದ ಮೇಲೆ ‘ಊರಿನ ಸುತ್ತು’ ನಡೆಯುತ್ತದೆ. ಊರಿನ ಹೆಸರಿನ ಮೊದಲ ಎರಡು ಅಕ್ಷರ ತೆಗೆದುಕೊಂಡು ಮೇಳವನ್ನು ಹುಡುಕಬೇಕು. ಆ ಊರಿನವರು ಆ ಮೇಳದ ಆರೋಹಣ ಅವರೋಹಣಗಳನ್ನು ಧ್ವನಿಸಂದೇಶದಲ್ಲಿ ಹಾಡಬೇಕು. ಓಬಳಾಪುರವೆಂಬ ಹೆಸರು ಅಹೋಬಲದ ನರಸಿಂಹನಿಂದ ಬಂದದ್ದು. ಓಕಾರ ಸೊನ್ನೆ, ಬಕಾರ 3. ತಿರುಗಿಸಿದರೆ 30, ನಾಗಾನಂದಿನಿ. ರಾಯದುರ್ಗ 12, ರೂಪವತಿ. ಮಡಕಶಿರ 35, ಶೂಲಿನಿ. ಪೆನುಗೊಂಡೆಗೆ ಸಿಕ್ಕಿದ್ದು 1, ಅಂದರೆ ಕನಕಾಂಗಿ. ಹಳೆಯ ರಾಜಧಾನಿಗೆ ಮೊದಲ ಪೀಠ. ಉರವಕೊಂಡ 20, ನಠಭೈರವಿ. ಗಡಿಯಾಚೆಯ ಪಾವಗಡ 41, ಪಾವನಿ. ಶಿರಾ 25, ಮಾರರಂಜನಿ. ನಾಟ್ಯಮಂಟಪದ ಕಂಬಕಂಬಗಳಲ್ಲಿ ವಾದ್ಯ ನುಡಿಸುವ ಶಿಲ್ಪಗಳಿರುವ ಲೇಪಾಕ್ಷಿಗೆ ಬಂದದ್ದು 13, ಅದು ಗಾಯಕಪ್ರಿಯ! ನಟ ಬಳ್ಳಾರಿ ರಾಘವರು 1880ರಲ್ಲಿ ಹುಟ್ಟಿದ ತಾಡಿಪತ್ರಿಗೆ 36, ಚಲನಾಟ. ಅನಂತಪುರಕ್ಕೆ ಎರಡೂ ಸೊನ್ನೆ. ಹಿಂದೂಪುರ 88 ಆಗಿ ಎಲ್ಲೆ ಮೀರುತ್ತದೆ. ಆ ಊರಿನವರು ಹಾಡದೆ ಪಾರಾಗುತ್ತಾರೆ.

ಇಷ್ಟೆಲ್ಲ ಹೊಂದಿಕೆಯಾದಾಗ ಸ್ಥಳಪುರಾಣ ಕಟ್ಟುವ ಆಸೆ ಹುಟ್ಟುವುದು ಸಹಜ. ಹೇಮಾವತಿಯ ಹೆಸರಿನಿಂದಲೇ ರಾಗ ಹುಟ್ಟಿತು, ನೊಳಂಬರ ಆಸ್ಥಾನದಲ್ಲಿ ಅದನ್ನು ಹಾಡುತ್ತಿದ್ದರು ಎಂದು ಬಳಗದಲ್ಲಿಯೇ ಒಬ್ಬರು ಉತ್ಸಾಹದಿಂದ ಬರೆದರು. ಇತಿಹಾಸ ಅದನ್ನು ಒಪ್ಪುವುದಿಲ್ಲ. ಶಾಸನಗಳಲ್ಲಿ ಆ ಊರಿನ ಹೆಸರು ಹೆಂಜೇರು. ನೊಳಂಬರು ಆಳಿದ್ದು ಸುಮಾರು 8ರಿಂದ 11ನೆಯ ಶತಮಾನದವರೆಗೆ. ಮೇಳಕ್ಕೆ ಹೇಮಾವತಿ ಎಂಬ ಹೆಸರು ಬಂದದ್ದು ವೆಂಕಟಮಖಿಯ ನಂತರ, 58 ಎಂಬ ಸಂಖ್ಯೆಗೆ ಹೊಂದಲೆಂದು. ಹೆಂಜೇರು ಎಂಬ ಹೆಸರನ್ನು ಲೆಕ್ಕಕ್ಕೆ ಹಿಡಿದರೆ 88 ಬರುತ್ತದೆ. ಅಂಥ ಮೇಳವೇ ಇಲ್ಲ. ಆ ಊರಿಗೆ ರಾಗದ ಹಂಗಿನ ಅಗತ್ಯವೂ ಇಲ್ಲ. ದೊಡ್ಡೇಶ್ವರನ ಗುಡಿಯ ಕಲ್ಲಿನ ಜಾಲಂಧ್ರಗಳೂ ಸಿದ್ಧೇಶ್ವರನ ಮೂರ್ತಿಯೂ ಕನ್ನಡದ ಶಾಸನಗಳೂ ಅದರ ಹಿರಿಮೆಗೆ ಸಾಲುತ್ತವೆ. ಆಟದ ಹೊಂದಿಕೆಯನ್ನು ಆಟವೆಂದೇ ಸವಿಯಬೇಕು.

ಹೇಮಾವತಿ, ಧರ್ಮವತಿಗಳ ನಡುವಣ ಸಂಬಂಧ ಮಾತ್ರ ಆಟವಲ್ಲ, ಶಾಸ್ತ್ರ. 58ರಿಂದ 36 ಕಳೆದರೆ 22. ಅಂದರೆ ಹೇಮಾವತಿಯು ಖರಹರಪ್ರಿಯದ ಪ್ರತಿಮಧ್ಯಮ ರೂಪ. ಅದರಲ್ಲಿ ಕೈಶಿಕಿ ನಿಷಾದವನ್ನು ಬಿಟ್ಟು ಕಾಕಲಿ ನಿಷಾದವನ್ನು ಹಿಡಿದರೆ ಧರ್ಮವತಿ. ಬೇರೆ ಎಲ್ಲ ಸ್ವರಗಳೂ ಒಂದೇ. ಇದನ್ನು ಬರೆದು ತೋರಿಸಲು ವೆಂಕಟಮಖಿಯ ಪದ್ಧತಿಯಲ್ಲಿ ಬಳಕೆಯಾದದ್ದು ನಮ್ಮ ಮಕ್ಕಳು ಒಂದನೆಯ ತರಗತಿಯಲ್ಲಿ ಕಲಿಯುವ ಕಾಗುಣಿತ. ರಿಷಭದ ಮೂರು ಭೇದಗಳು ರ, ರಿ, ರು. ಗಾಂಧಾರದವು ಗ, ಗಿ, ಗು. ಮಧ್ಯಮಕ್ಕೆ ಮ, ಮಿ. ಧೈವತಕ್ಕೆ ಧ, ಧಿ, ಧು. ನಿಷಾದಕ್ಕೆ ನ, ನಿ, ನು. ಹೇಮಾವತಿ ಎಂದರೆ ರಿ ಗಿ ಮಿ ಧಿ ನಿ. ಧರ್ಮವತಿ ಎಂದರೆ ರಿ ಗಿ ಮಿ ಧಿ ನು. ನೊಳಂಬರ ಊರಿಗೂ ನೇಕಾರರ ಊರಿಗೂ ನಡುವೆ ಇರುವ ಅಂತರ ಒಂದು ಗುಡಿಸು, ಒಂದು ಕೊಂಬು.

ಮುತ್ತುಸ್ವಾಮಿ ದೀಕ್ಷಿತರ ಪರಂಪರೆಯಲ್ಲಿ ಇವೇ ಮೇಳಗಳ ಹೆಸರು ಬೇರೆ: 58ಕ್ಕೆ ದೇಶೀಸಿಂಹಾರವ, 59ಕ್ಕೆ ಧಾಮವತಿ. ಶ್ರೀ ಕಾಂತಿಮತೀಂ ಎಂಬ ಕೃತಿ ಮೊದಲನೆಯದರಲ್ಲಿಯೂ ಪರಂಧಾಮವತೀ ಎಂಬುದು ಎರಡನೆಯದರಲ್ಲಿಯೂ ಇವೆ. ಹೆಸರು ಬೇರೆಯಾದರೂ ಮೊದಲ ಎರಡಕ್ಷರದ ಮೊತ್ತ ಬದಲಾಗಲಿಲ್ಲ. ಎರಡೆರಡು ಹೆಸರಿನ ಊರುಗಳಲ್ಲಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ನಾವು ಓಬಳಾಪುರ ಎಂದರೆ ನೆರೆಯವರು ಓಬುಳಾಪುರಂ ಎನ್ನುತ್ತಾರೆ, ನಮ್ಮ ಪೆನುಗೊಂಡೆ ಅವರಿಗೆ ಪೆನುಕೊಂಡ, ರಾಯದುರ್ಗ ರಾಯದುರ್ಗಂ. ಹೆಸರಿನ ಬಾಲ ಬದಲಾಗುತ್ತದೆ, ಮೇಳ ಬದಲಾಗುವುದಿಲ್ಲ. ಕನ್ನಡ ತೆಲುಗುಗಳ ಲಿಪಿಗಳು ಒಂದೇ ತಾಯಿಯ ಮಕ್ಕಳು. ವರ್ಣಮಾಲೆಯ ಕ್ರಮ ಎರಡರಲ್ಲಿಯೂ ಅದೇ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿ ಅನಂತಪುರದ ಪಾಲಾಯಿತು. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕಚೇರಿಯ ಕಡತಗಳು ಎಷ್ಟು ಸಲ ಊರು ಬದಲಾಯಿಸಿದರೂ ರಾಯದುರ್ಗದ ರಾ ಮತ್ತು ಯ ತಮ್ಮ ಮೌಲ್ಯವನ್ನು ಕಳೆದುಕೊಂಡಿಲ್ಲ.

ಕಳೆದುಹೋಗುತ್ತಿರುವುದು ಅಕ್ಷರದ ಪರಿಚಯ. ಮಡಕಶಿರದ ಗಡಿ ಮಂಡಲಗಳಲ್ಲಿ, ಡಿ. ಹಿರೇಹಾಳ್ ಕಡೆಯಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಆದರೆ ಮನೆಯಲ್ಲಿ ಕನ್ನಡವಾಡುವ ಎಷ್ಟೋ ಮಕ್ಕಳು ಓದುವುದು ತೆಲುಗಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ವಿಜಯದಾಸರ ಚಿಪ್ಪಗಿರಿಯಿಂದ ಹಿಡಿದು ನಮ್ಮ ಹಳ್ಳಿಗಳವರೆಗೆ ದಾಸರ ಪದಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಹಾಡುವ ಭಜನೆಯವರನ್ನು ನಾನು ಕಂಡಿದ್ದೇನೆ. ಅದರಲ್ಲಿ ತಪ್ಪೇನೂ ಇಲ್ಲ, ಪದ ಉಳಿಯುತ್ತದೆ. ಕಡಲಾಚೆಯ ಮೊಮ್ಮಕ್ಕಳ ಸಂಗತಿ ಬೇರೆ. ಅವರು ಇಂಗ್ಲಿಷ್ ಅಕ್ಷರಗಳಲ್ಲಿ ಊರಿನ ಹೆಸರು ಬರೆಯುತ್ತಾರೆ. ಅಲ್ಲಿ ತಕಾರಕ್ಕೂ ಟಕಾರಕ್ಕೂ ಒಂದೇ ಗುರುತು. ತಾಡಿಪತ್ರಿಯನ್ನು ಟಾಡಿಪತ್ರಿ ಎಂದು ಓದಿದರೆ 36 ಹೋಗಿ 31 ಬರುತ್ತದೆ. ಚಲನಾಟದ ಬದಲು ಯಾಗಪ್ರಿಯ. ಮಡಕಶಿರವು ಮದಕಶಿರವಾದರೆ 85, ಮೇಳವೇ ಇಲ್ಲ.

ಮಹಾಪ್ರಾಣದ ಕಥೆಯೂ ಹಾಗೆಯೇ. ಆಡುಮಾತಿನಲ್ಲಿ ನಾವು ಅದನ್ನು ಅಷ್ಟಾಗಿ ಉಳಿಸಿಕೊಂಡಿಲ್ಲ, ನಾಚಿಕೆ ಪಡಬೇಕಾದ್ದೂ ಇಲ್ಲ. ಆದರೆ ಖರಹರಪ್ರಿಯವನ್ನು ಕರಹರಪ್ರಿಯ ಎಂದು ಬರೆದರೆ 22 ಹೋಗಿ 21 ಆಗುತ್ತದೆ, ಅದು ಕೀರವಾಣಿ. ನಠಭೈರವಿಯ ಠಕಾರದ ಹೊಟ್ಟೆಯ ಚುಕ್ಕೆ ತಪ್ಪಿ ಟಕಾರವಾದರೆ 20 ಹೋಗಿ 10, ನಾಟಕಪ್ರಿಯ. ಕಾಪಿ ಬರೆಸಿ ಕಲಿಸಲಾಗದ ಈ ವ್ಯತ್ಯಾಸವನ್ನು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಊರಿನ ಸುತ್ತಿನಲ್ಲಿ ಎರಡು ಸಲ ಸೋತು ಕಲಿತಳು. ಮೂರನೆಯ ವಾರ ಅವಳು ಅಜ್ಜನಿಗೆ ಇಂಗ್ಲಿಷ್ ಅಕ್ಷರ ಬಿಟ್ಟು ಕನ್ನಡದಲ್ಲಿಯೇ ‘ಖ’ ಎಂದು ಕಳುಹಿಸಿದಳು. ಅದೊಂದೇ ಅಕ್ಷರ, ಬೇರೆ ಮಾತಿಲ್ಲ. ಅಜ್ಜ ಅದನ್ನು ಬಳಗಕ್ಕೆಲ್ಲ ಹಂಚಿದರು.

ಇತ್ಯರ್ಥವಾಗದ ವ್ಯಾಜ್ಯವೊಂದು ಉಳಿದಿದೆ. ಒತ್ತಕ್ಷರ ಬಂದರೆ ಯಾವ ವ್ಯಂಜನವನ್ನು ಎಣಿಸಬೇಕು? ಕೊನೆಯದನ್ನು ಎನ್ನುವುದು ಶಾಸ್ತ್ರ. ಧರ್ಮವತಿ, ರತ್ನಾಂಗಿಗಳು ಅದಕ್ಕೆ ಸಾಕ್ಷಿ. ಆದರೆ ಚಕ್ರವಾಕ 16 ಆಗಬೇಕಾದರೆ ‘ಕ್ರ’ದಲ್ಲಿ ಕಕಾರವನ್ನೇ ಹಿಡಿಯಬೇಕು, ದಿವ್ಯಮಣಿ, ವಿಶ್ವಂಭರಿಗಳಲ್ಲಿಯೂ ಮೊದಲನೆಯದೇ ಗತಿ. ಹೆಸರಿಟ್ಟವರು ಅನುಕೂಲಕ್ಕೆ ತಕ್ಕಂತೆ ನಡೆದುಕೊಂಡಿದ್ದಾರೆಂದೇ ನನ್ನ ಅಭಿಪ್ರಾಯ. ಹೀಗಾಗಿ ಕಲ್ಯಾಣದುರ್ಗಕ್ಕೆ ಯಕಾರ ಹಿಡಿದರೆ 11, ಕೋಕಿಲಪ್ರಿಯ; ಲಕಾರ ಹಿಡಿದರೆ 31, ಯಾಗಪ್ರಿಯ. ಹೆಸರಿನಲ್ಲಿಯೇ ಇರುವ ಕಲ್ಯಾಣಿ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆ ಊರಿನ ಗೆಳೆಯರು ಎರಡು ಪಂಗಡವಾಗಿದ್ದಾರೆ. ತೀರ್ಮಾನವಾಗುವವರೆಗೆ ಎರಡೂ ರಾಗಗಳನ್ನು ಹಾಡಬೇಕೆಂದು ಬಳಗ ಅವರಿಗೆ ದಂಡ ವಿಧಿಸಿದೆ.